ಹನ್ನೆರಡನೆಯ ಒರತೆ

ಸೆಪ್ಟೆಂಬರ್ 2, ಮಂಗಳವಾರ

ಕೆಲಸ ಸಿಕ್ಕಿತು. ಸಿಕ್ಕಿದ ಕೂಡಲೇ ಹೊಟ್ಟೆ ಕೆಟ್ಟಿತು. ಒಳ್ಳೆಯ ಸುದ್ದಿಗೂ ಕೆಟ್ಟ ಸುದ್ದಿಗೂ ನನ್ನ ಹೊಟ್ಟೆಯದು ಒಂದೇ ರಿಯಾಕ್ಷನ್.

ಲೈಬ್ರರಿಯ ನೆಲಮಾಳಿಗೆಯಲ್ಲಿ ಧ್ವನಿಸಂಗ್ರಹದ ಕೋಣೆ. ಕಿಟಕಿ ಇಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟು, ಅದರ ತುಂಬ ಬೂದು ಬಣ್ಣದ ರಟ್ಟಿನ ಪೆಟ್ಟಿಗೆಗಳು. ಮೂರನೇ ಅಂಕಣದ ಕೆಳಸಾಲಿನಲ್ಲಿ ನಾನು ಹುಟ್ಟಿದ ಬೆಟ್ಟದ ಹೆಸರಿನ ಪೆಟ್ಟಿಗೆ ಇದೆ. ಮೂವತ್ತು ವರ್ಷದ ಹಿಂದೆ ಬೆಟ್ಟದ ಜನರ ಮಾತು, ಹಾಡು, ಮನೆಮನೆಯ ವಿವರ, ಎತ್ತರ, ತೂಕ, ರಕ್ತದ ಗುಂಪು ಎಲ್ಲವನ್ನೂ ಬರೆದುಕೊಂಡು, ರೆಕಾರ್ಡ್ ಮಾಡಿಕೊಂಡು ತಂದು ಇಲ್ಲಿಟ್ಟಿದ್ದಾರೆ. ನಲವತ್ತೆರಡು ಟೇಪು. ಅವನ್ನು ಕೇಳಿ, ಟೈಪ್ ಮಾಡಿ, ಅರ್ಥ ಬರೆಯುವುದು ನನ್ನ ಕೆಲಸ. ಇಡೀ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಆ ಭಾಷೆ ಬರುವವಳು ನಾನೊಬ್ಬಳೇ.

ಬರುತ್ತದೆ ಎಂದು ಟಿಕ್ ಹಾಕಿದ್ದೇನೆ, ಅಷ್ಟೇ. ಆರನೇ ವಯಸ್ಸಿಗೆ ನನ್ನನ್ನು ಹಾಸ್ಟೆಲ್ ಶಾಲೆಗೆ ಸೇರಿಸಿದರು. ಅಲ್ಲಿ ಮನೆಮಾತು ಬಾಯಿಗೆ ಬಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹಾಗಾಗಿ ನನ್ನ ಮನೆಮಾತಿಗೆ ಇನ್ನೂ ಆರೇ ವರ್ಷ. ಹಸಿವು, ಚಳಿ, ನನ್ನನ್ನು ಎತ್ತಿಕೋ, ಇವೆಲ್ಲ ಫುಲ್ ಫ್ಲುಯೆಂಟ್. ಉಳಿದದ್ದಕ್ಕೆ ದೇವರೇ ಗತಿ. ಸಿಕ್ಕಿಬಿದ್ದರೆ ಏನು ಹೇಳುವುದು ಎಂದು ಈಗಲೇ ಯೋಚಿಸಿಟ್ಟುಕೊಳ್ಳಬೇಕು.

"ನೀನು ನಮಗೆ ಸಿಕ್ಕಿದ ನಿಧಿ ಕಣಮ್ಮ" ಎಂದರು ಪ್ರೊಫೆಸರ್ ಮೇಡಂ. ಈ ಸಂಗ್ರಹ ಅವರದು.

ಯಂತ್ರಗಳನ್ನು ನೋಡಿಕೊಳ್ಳುವವರನ್ನು ಎಲ್ಲರೂ ಹೆಡ್‌ಫೋನ್ ಸರ್ ಎನ್ನುತ್ತಾರೆ. ಅವರು ತಲೆ ಎತ್ತದೆ, "ನಿಧಿಯಾಗಿರ್ಲಿ. ವೈರ್ ಮಾತ್ರ ಎಳೀಬೇಡ, ಅದು ನಿನಗಿಂತ ಹಳೇದು" ಎಂದರು.

ಸೆಪ್ಟೆಂಬರ್ 4, ಗುರುವಾರ

ಏಳನೇ ಟೇಪು. ಬೆಟ್ಟದ ಹಿರಿಯರು ನಾಲ್ಕೈದು ಜನ ಒಬ್ಬ ಸಂಶೋಧಕಿಯನ್ನು ಕರೆದುಕೊಂಡು ಹತ್ತುತ್ತಾ ಒಂದೊಂದೇ ಒರತೆಯ ಹೆಸರು ಹೇಳುತ್ತಾರೆ. ಏದುಸಿರು, ಒಣಗಿದೆಲೆ ತುಳಿದ ಸದ್ದು, ನಡುವೆ ಯಾರದೋ ಸೀನು. ಎಣಿಸಿದೆ: ಹನ್ನೊಂದು ಒರತೆ. ಒಂಬತ್ತನೇ ಟೇಪಿನಲ್ಲಿ ಬೇರೆ ದಿನ, ಬೇರೆ ಹಿರಿಯರು. ಅಲ್ಲಿಯೂ ಹನ್ನೊಂದು. ಹದಿನೈದರಲ್ಲೂ ಹನ್ನೊಂದು.

ಆದರೆ ಇರುವುದು ಹನ್ನೆರಡು. ನನಗೆ ಗೊತ್ತು. ಅಜ್ಜಿ ನನ್ನ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ಅವಳು ಬದುಕಿದ್ದಷ್ಟು ಕಾಲ, ಹಾಸ್ಟೆಲಿನಿಂದ ರಜೆಗೆ ಹೋದಾಗಲೂ ಹೋಗಿದ್ದೇನೆ. ನೀರಿನ ಪಕ್ಕ ನೇರಳೆ ಬೆನ್ನಿನ ಸಣ್ಣ ಎಲೆ. ಹೆರಿಗೆಯಾದವರಿಗೆ ರಕ್ತ ನಿಲ್ಲದಿದ್ದರೆ ಅಜ್ಜಿ ಅದನ್ನೇ ಅರೆದು ಕುಡಿಸುತ್ತಿದ್ದಳು. ಎಲ್ಲಿ ಎಂದರೆ

(ಇಲ್ಲಿ ಮೂರು ಸಾಲಿಗೆ ಆಮೇಲೆ ಮಸಿ ಬಳಿದಿದ್ದೇನೆ.)

ಪಾಪ, ವಯಸ್ಸಾದವರು, ಮರೆತಿರಬೇಕು. ಕಂಪ್ಯೂಟರಿನ ನಕ್ಷೆಯಲ್ಲಿ ಚುಕ್ಕಿ ಇಟ್ಟೆ. ಹೆಸರು ಬರೆದೆ. ಎಲೆಯ ವಿಷಯವನ್ನೂ ನೋಟ್‌ನಲ್ಲಿ ಸೇರಿಸಿದೆ.

ಮೇಡಂ ಕೆಳಗಿಳಿದು ಬಂದು, ಕನ್ನಡಕ ಹಣೆಗೇರಿಸಿಕೊಂಡು ಬಹಳ ಹೊತ್ತು ತೆರೆ ನೋಡಿದರು. "ಮೂವತ್ತು ವರ್ಷ ನಮ್ಮ ಕಣ್ಣಿಗೆ ಬೀಳದೇ ಇದ್ದದ್ದು ನಿನಗೆ ಮೂರೇ ದಿನಕ್ಕೆ ಬಿತ್ತಲ್ಲಮ್ಮ" ಎಂದು ಭುಜ ತಟ್ಟಿದರು. ಆ ಭುಜ ಇನ್ನೂ ಬೆಚ್ಚಗಿದೆ. ಈ ಕಾಲೇಜಿಗೆ ನನ್ನನ್ನು ತಪ್ಪಿ ಸೇರಿಸಿಕೊಂಡಿದ್ದಾರೆ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಇವತ್ತು ಒಂದು ಸಲವೂ ಅನ್ನಿಸಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಮೇಡಂ ಕೋಣೆಗೆ ಕರೆದರು. ಇಪ್ಪತ್ತಾರನೇ ತಾರೀಖು ಸಂಗ್ರಹವನ್ನು ವೆಬ್‌ಸೈಟಿನಲ್ಲಿ ಎಲ್ಲರಿಗೂ ತೆರೆಯುತ್ತಾರಂತೆ. ಟೇಪು, ನಕ್ಷೆ, ಮನೆಮನೆಯ ಹಾಳೆ, ಎಲ್ಲ. ಪ್ರಪಂಚದ ಯಾವ ಮೂಲೆಯಿಂದ ಬೇಕಾದರೂ ನೋಡಬಹುದು. ಔಷಧಿ ತಯಾರಿಸುವವರೂ ಆಸಕ್ತಿ ತೋರಿಸಿದ್ದಾರಂತೆ.

ಒಂದು ಫಾರಂ ಮುಂದಿಟ್ಟರು. ಮೇಲೆ 'ಸಮುದಾಯದ ಪ್ರತಿನಿಧಿಯ ಒಪ್ಪಿಗೆ' ಎಂದಿತ್ತು.

"ಮೇಡಂ, ನಾನು ಪ್ರತಿನಿಧಿ ಅಂತ..."

"ಫಾರ್ಮಾಲಿಟಿ ಅಷ್ಟೇ ಕಣಮ್ಮ. ಅಲ್ಲಿಯವಳೇ ಅಲ್ವಾ ನೀನು?"

ಮೂರು ಕಡೆ ಸೈನ್ ಹಾಕಿದೆ. ಮೂರೂ ಬೇರೆ ಬೇರೆ ಥರ ಬಂತು. ಸೈನ್ ಮ್ಯಾಚ್ ಆಗದಿದ್ದರೆ ತೊಂದರೆಯಾಗುತ್ತದಾ ಎಂದು ಊಟದ ಹೊತ್ತಿನವರೆಗೂ ಟೆನ್ಷನ್.

ಸೆಪ್ಟೆಂಬರ್ 11, ಗುರುವಾರ

ದೊಡ್ಡಮ್ಮನಿಗೆ ಫೋನ್ ಮಾಡಿದೆ. ಮಾಡಬಾರದಿತ್ತು. ಅಲ್ಲ, ಮೊದಲೇ ಮಾಡಬೇಕಿತ್ತು.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಬೆಟ್ಟದ ಆರೋಗ್ಯ ಕೇಂದ್ರದಲ್ಲಿ ಆಯಾ. ಊರಿನ ವಿಷಯಗಳನ್ನು ಕೂತು ತೀರ್ಮಾನ ಮಾಡುವ ಏಳು ಜನರ ಕೂಟವಿದೆ. ಅದರ ಕಾಗದಪತ್ರ ನೋಡಿಕೊಳ್ಳುವವಳೂ ಅವಳೇ. ಸಿಗ್ನಲ್ ಸಿಗುವುದು ಮೇಲಿನ ಬಸ್ ಸ್ಟಾಪಿನಲ್ಲಿ ಮಾತ್ರ. ಸಂಜೆ ಐದೂವರೆಗೆ ಅಲ್ಲಿಗೆ ಹತ್ತಿ ಬಂದು ಕೂರುತ್ತಾಳೆ. ನಾನು ಹಾಸ್ಟೆಲ್ ತಾರಸಿಯಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ ನಿಂತು ಎಲ್ಲವನ್ನೂ ಕೊಚ್ಚಿಕೊಂಡೆ. ಟೇಪು, ಒರತೆ, ಮೇಡಂ ಭುಜ ತಟ್ಟಿದ್ದು.

"ಹಿರಿಯರು ಹನ್ನೊಂದು ಹೇಳಿದ್ದಾರಲ್ವಾ?" ಎಂದಳು.

"ಹೌದು ದೊಡ್ಡಮ್ಮ. ಒಂದು ಮರ್ತುಬಿಟ್ಟಿದ್ರು. ನಾನು ಸೇರಿಸ್ದೆ."

ಆ ಕಡೆ ಬಸ್ಸೊಂದು ನಿಂತು, ಹೊರಟು, ತಿರುವು ದಾಟಿ ಹೋಯಿತು.

"ಮರ್ತಿದ್ರು ಅಂತ ನಿನಗೆ ಯಾರು ಹೇಳಿದ್ರು ಕೂಸೇ?"

ಅವಳೇ ಮುಂದುವರಿಸಿದಳು.

"ನಾನು ಮದುವೆಯಾದ ವರ್ಷ ಒಬ್ಬ ಬಂದಿದ್ದ, ಬೇರು ಕೇಳ್ಕೊಂಡು. ಬಹಳ ಒಳ್ಳೆಯವನು. ಮಕ್ಕಳಿಗೆಲ್ಲ ಪೆನ್ಸಿಲ್ ಕೊಟ್ಟ. ಇದ್ದದ್ದೆಲ್ಲ ತೋರ್ಸಿದ್ವಿ. ಬೇಸಿಗೆಗೆ ಲಾರಿ ಬಂತು. ಆ ಬೇರು ಹೇಗಿತ್ತು ಅಂತ ಈಗ ನಿನಗೆ ತೋರ್ಸೋಣ ಅಂದ್ರೆ ಒಂದು ಗಿಡ ಉಳಿದಿಲ್ಲ. ಅವತ್ತು ಕೂಟ ಕೂತು ಮಾತಾಡ್ಕೊಂಡಿದ್ದು. ಹೊರಗಿನೋರು ಕೇಳಿದ್ರೆ ಹೇಳೋಣ, ಇಲ್ಲ ಅನ್ನೋದು ಬೇಡ. ಆದ್ರೆ ಒಂದು ಬಿಟ್ಟು ಹೇಳೋಣ. ಯಾವುದು ಹೋದ್ರೆ ಮತ್ತೆ ಬರಲ್ವೋ ಅದನ್ನ ಬಿಟ್ಟು. ಆ ಎಲೆ ಇರೋದು ಅಲ್ಲೊಂದೇ ಕಡೆ."

"ನನಗ್ಯಾರೂ ಹೇಳಿರಲಿಲ್ಲ ದೊಡ್ಡಮ್ಮ."

"ಹೇಳೋ ವಯಸ್ಸಿಗೆ ನೀನು ಇಲ್ಲಿದ್ಯಾ?"

ಫಾರಂ ವಿಷಯವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ನಮ್ಮ ಪರವಾಗಿ ಸೈನ್ ಹಾಕೋ ಮುಂಚೆ ಒಂದು ಫೋನ್ ಮಾಡ್ಬೇಕು ಅನ್ನಿಸ್ಲಿಲ್ವಾ?" ಎಂದಳು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 12, ಶುಕ್ರವಾರ

ಊಟ ಸೇರಲಿಲ್ಲ. ಸ್ಟ್ಯಾಟಿಸ್ಟಿಕ್ಸ್ ಟೆಸ್ಟಿನಲ್ಲಿ ನನ್ನ ರೋಲ್ ನಂಬರ್ ತಪ್ಪು ಬರೆದೆ. ವೆಬ್‌ಸೈಟ್ ತೆರೆಯಲು ಇನ್ನು ಹದಿನಾಲ್ಕು ದಿನ ಇದೆ.

ಸೆಪ್ಟೆಂಬರ್ 15, ಸೋಮವಾರ

ನೆಲಮಾಳಿಗೆಗೆ ಎಲ್ಲರಿಗಿಂತ ಮೊದಲು ಹೋದೆ. ಚುಕ್ಕಿಯ ಮೇಲೆ ಕ್ಲಿಕ್ ಮಾಡಿ ಡಿಲೀಟ್ ಒತ್ತಿದೆ. ಹೋಯಿತು. ಎರಡು ನಿಮಿಷ ಹಗುರಾದೆ. ಆಮೇಲೆ ಪಕ್ಕದ ಪಟ್ಟಿಯಲ್ಲಿ ಒಂದು ಸಾಲು ಮೂಡಿತು: ಹನ್ನೆರಡನೆಯ ಒರತೆ, ಸೇರಿಸಿದವರು ನಾನು, ಅಳಿಸಿದವರು ನಾನು, ಜೊತೆಗೆ ಸಮಯ. ಅದನ್ನು ಒತ್ತಿ ನೋಡಿದೆ, ಚುಕ್ಕಿ ಮತ್ತೆ ಹಾಜರು.

ಹೆಡ್‌ಫೋನ್ ಸರ್ ಬಾಗಿಲಲ್ಲೇ ನಿಂತಿದ್ದರು. "ಇಲ್ಲಿ ಅಳಿಸೋದು ಅಂತ ಇಲ್ಲಮ್ಮ. ಮುಚ್ಚೋದು ಇದೆ."

"ಮುಚ್ಚೋಕೆ ಏನು ಮಾಡ್ಬೇಕು ಸರ್?"

"ಮೇಡಂ ಹೇಳ್ಬೇಕು. ಇಲ್ಲಾ ಸಮುದಾಯದವರು ಕೇಳ್ಬೇಕು. ಕಾಗದದ ಪ್ರಕಾರ ಸಮುದಾಯ ಅಂದ್ರೆ ನೀನೇ ಈಗ." ನಕ್ಕರು. ನನ್ನ ಮುಖ ನೋಡಿ ನಗು ನುಂಗಿದರು. ಕುರ್ಚಿ ಎಳೆದುಕೊಟ್ಟು, "ಹದಿನೈದನೇದು ಇನ್ನೊಂದ್ಸಲ ಕೇಳು. ನನಗೆ ಭಾಷೆ ಬರಲ್ಲ. ಆದ್ರೆ ಒಂದು ಜಾಗದಲ್ಲಿ ಎಲ್ರೂ ಯಾಕೆ ನಗ್ತಾರೆ ಅಂತ ನನಗೆ ಎಷ್ಟೋ ವರ್ಷದಿಂದ ಅನುಮಾನ" ಎಂದರು.

ಕೇಳಿದೆ. ಏರು ದಾರಿಯ ಒಂದು ಕಡೆ ಸಂಶೋಧಕಿ ನಿಂತು, "ಇಲ್ಲಿ ಏನೂ ಇಲ್ವಾ?" ಎನ್ನುತ್ತಾರೆ. ಒಬ್ಬ ಗಂಡಸಿನ ದನಿ, "ಇದೆಯಲ್ಲಮ್ಮ. ಕಲ್ಲಿದೆ." ಎಲ್ಲರೂ ನಗುತ್ತಾರೆ. ಹಿಂದಿನಿಂದ ಒಬ್ಬ ಹೆಂಗಸು ಸಣ್ಣಗೆ, "ಬೇಗ ನಡೀರಿ, ಇವಳ ಕಣ್ಣು ಚುರುಕು" ಎನ್ನುತ್ತಾಳೆ. ಅದು ನನ್ನ ಅಜ್ಜಿ.

ಮೊದಲ ಸಲ ಕೇಳಿದಾಗ ನಾನು ಈ ಜಾಗದಲ್ಲಿ ಟೈಪ್ ಮಾಡಿದ್ದು ಒಂದೇ ಪದ: ನಗು.

ಸೆಪ್ಟೆಂಬರ್ 18, ಗುರುವಾರ

ಮೇಡಂ ಹತ್ತಿರ ಮಾತಾಡಿದೆ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಚೀಟಿ ಬೆವರಿಗೆ ಮುದ್ದೆಯಾಗಿತ್ತು. ಹೇಗೋ ಹೇಳಿದೆ: ನಕ್ಷೆ ತೆರೆಯಬೇಡಿ, ನನ್ನ ಸೈನ್ ವಾಪಸ್ ತೆಗೆದುಕೊಳ್ಳುತ್ತೇನೆ, ಹಿರಿಯರು ಅದನ್ನು ಬೇಕೆಂದೇ ಬಿಟ್ಟಿದ್ದರು.

ಅವರು ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. ಮತ್ತೆ ಹಾಕಿದರು.

"ಆ ಟೇಪಲ್ಲಿ ಇಲ್ಲಿ ಏನೂ ಇಲ್ವಾ ಅಂತ ಕೇಳ್ತಾಳಲ್ಲ ಒಬ್ಬಳು, ಅದು ಯಾರು ಗೊತ್ತಾ?"

ಗೊತ್ತಾಗಿರಲಿಲ್ಲ. ಅಷ್ಟು ಎಳೆಯ ದನಿ.

"ನಾನೇ. ಇಪ್ಪತ್ನಾಲ್ಕು ವರ್ಷ ಆಗ ನನಗೆ. ಅವರ ಮನೇಲೇ ಮಲಗಿದ್ದೆ, ಅವರ ಜ್ವರ ನನಗೂ ಬಂದಿತ್ತು. ಬರೀ ಕೆಲಸ ಅಂದ್ಕೊಂಡಿರಲಿಲ್ಲ ನಾನದನ್ನ." ಆಮೇಲೆ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ನಿನ್ನ ಭಾಷೆ ಕಲೀತಿರೋದು ನನ್ನ ಟೇಪಿಂದ. ಇವನ್ನ ಮುಚ್ಚಿದ್ರೆ ನಿನ್ನಂಥ ಇನ್ನೊಂದು ಹುಡುಗಿ ಎಲ್ಲಿಗೆ ಹೋಗ್ಬೇಕು?"

ಅವರು ಹೇಳಿದ್ದು ಸುಳ್ಳಲ್ಲ.

"ನನ್ನೊಬ್ಬಳ ಕೈಲಿಲ್ಲ. ಬುಧವಾರ ಸಮಿತಿ ಇದೆ. ಡೀನ್ ಇರ್ತಾರೆ. ಅಲ್ಲೇ ಹೇಳು" ಎಂದರು. ನೀರು ಕುಡಿಯಲು ಹೇಳಿ ಲೋಟ ನನ್ನ ಕಡೆ ತಳ್ಳಿದರು. ಅದನ್ನು ಅವರ ಫೈಲಿನ ಮೇಲೆ ಚೆಲ್ಲಿದೆ.

ಸೆಪ್ಟೆಂಬರ್ 20, ಶನಿವಾರ

ಎಲ್ಲಾ ಟೇಪನ್ನೂ ಸುಟ್ಟುಹಾಕಿ ಎಂದು ಕೂಟದವರು ಹೇಳುತ್ತಾರೆ ಎಂದುಕೊಂಡಿದ್ದೆ. ಹಾಗಿಲ್ಲ. ಮೊದಲು ಏನೇನಿದೆ ಎಂದು ಓದಿ ಹೇಳು ಎಂದರು. ತಮ್ಮ ಬಗ್ಗೆ ಏನೇನು ಬರೆದಿಟ್ಟಿದ್ದಾರೆಂದು ಈ ಮೂವತ್ತು ವರ್ಷದಲ್ಲಿ ಅವರಿಗೆ ಯಾರೂ ಹೇಳಿಲ್ಲ.

ಸಂಜೆ ದೊಡ್ಡಮ್ಮ ಫೋನನ್ನು ಸ್ಪೀಕರಿಗೆ ಹಾಕಿದಳು. ಬಸ್ ಸ್ಟಾಪಿನ ಬೆಂಚಿನಲ್ಲಿ ಐದು ಜನ ಒತ್ತಿಕೊಂಡು ಕೂತಿದ್ದರು. ನಾನು ಒಂದೊಂದೇ ಟೇಪಿನ ವಿವರ ಓದಿದೆ. ಒಂದೊಂದಕ್ಕೂ ಅಲ್ಲಿ ಚರ್ಚೆ. ಎಲ್ಲರಿಗೂ ತೆರೆದದ್ದು, ನಮಗೆ ಮಾತ್ರ, ಮನೆಯವರನ್ನು ಕೇಳಿ ಆಮೇಲೆ: ಹೀಗೆ ಮೂರು ಪಟ್ಟಿಯಾಯಿತು.

ಕೂಟದ ಹಿರಿಯ ಚಷ್ಮಾ ತಾತ. ಎರಡು ಕನ್ನಡಕ ಇಟ್ಟುಕೊಂಡು ಯಾವುದನ್ನೂ ಹಾಕಿಕೊಳ್ಳದವನು. ಟೇಪಿನಲ್ಲಿ ಕಲ್ಲಿದೆ ಎಂದವನು ಅವನೇ. "ನನ್ನ ಹೆಂಡ್ತಿ ಹಾಡಿದ್ದು ಪ್ರಪಂಚ ಪೂರ್ತಿ ಕೇಳ್ಲಿ" ಎಂದ. "ನಾನು ಹಾಡಿದ್ದು ಬೇಡ."

"ಯಾಕೆ ತಾತ? ಚೆನ್ನಾಗೇ ಇದೆ."

"ನೀನು ಕಿವಿಗೆ ಏನೋ ಹಾಕ್ಕೊಂಡು ಕೇಳಿದೀಯ, ಅದಕ್ಕೆ. ಬರೀ ಕಿವೀಲಿ ಕೇಳಿ ನೋಡು."

ಮನೆಮನೆಯ ಹಾಳೆ ಓದುವಾಗ ಯಾರೂ ನಗಲಿಲ್ಲ. ಯಾರಿಗೆ ಯಾವ ಕಾಯಿಲೆ, ಯಾರ ಮಗು ಎಷ್ಟು ದಿನಕ್ಕೆ ತೀರಿಕೊಂಡಿತು, ಎಲ್ಲ ಹೆಸರು ಸಮೇತ ಇದೆ. ಒಬ್ಬಾಕೆ, "ಇದು ನನ್ನ ಗಂಡನಿಗೇ ಗೊತ್ತಿರಲಿಲ್ಲ" ಎಂದಳು. ನಾನು ಓದುವುದನ್ನು ನಿಲ್ಲಿಸಿದೆ. "ಕ್ಷಮಿಸಿ" ಎಂಬುದಕ್ಕೆ ನಮ್ಮ ಮಾತಿನಲ್ಲಿ ಏನನ್ನುತ್ತಾರೆ ಎಂದು ನೆನಪಾಗಲಿಲ್ಲ. ಆಕೆಯೇ, "ಮುಂದೆ ಓದು ಮಗಳೇ, ಇಪ್ಪತ್ತೊಂದನೇದು ಏನು?" ಎಂದಳು.

ಸೆಪ್ಟೆಂಬರ್ 22, ಸೋಮವಾರ

ನಲವತ್ತೆರಡೂ ಮುಗಿಯಿತು. ಗಂಟಲು ಕಟ್ಟಿದೆ. ಬುಧವಾರ ದೊಡ್ಡಮ್ಮ, ತಾತ ಇಬ್ಬರೂ ಬರುತ್ತಾರೆ. ಎರಡು ದಿನದಿಂದ ಊಟ ಸರಿಯಾಗಿ ಮಾಡುತ್ತಿದ್ದೇನೆ, ಈಗಷ್ಟೇ ಗಮನಕ್ಕೆ ಬಂತು.

ಸೆಪ್ಟೆಂಬರ್ 24, ಬುಧವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಎರಡನೇ ಮಹಡಿ, ಉದ್ದ ಮೇಜು, ತಣ್ಣನೆಯ ಕೋಣೆ. ಡೀನ್ ನಡುವೆ. ಪಕ್ಕದಲ್ಲಿ ಮೇಡಂ. ಈ ಕಡೆ ದೊಡ್ಡಮ್ಮ ಆರೋಗ್ಯ ಕೇಂದ್ರದ ಸಮವಸ್ತ್ರದಲ್ಲೇ ಬಂದಿದ್ದಳು. ತಾತ ಎರಡೂ ಕನ್ನಡಕವನ್ನು ಮೇಜಿನ ಮೇಲಿಟ್ಟ. ದೊಡ್ಡಮ್ಮ ಏಳು ಜನರ ರುಜು ಇದ್ದ ಕಾಗದವನ್ನೂ ಮೂರು ಪಟ್ಟಿಗಳನ್ನೂ ಕೊಟ್ಟಳು.

ಡೀನ್ ಓದಿದರು. "ನಿಮ್ಮ ಭಾವನೆ ಅರ್ಥ ಆಗುತ್ತೆ. ಆದ್ರೆ ಈ ಕೂಟ ಎಲ್ಲೂ ನೋಂದಣಿ ಆಗಿಲ್ಲ. ನಮ್ಮ ಹತ್ರ ಇರೋ ಒಪ್ಪಿಗೆ ಪತ್ರಕ್ಕೆ ನಿಮ್ಮದೇ ಪ್ರತಿನಿಧಿಯ ಸಹಿ ಇದೆ" ಎಂದು ಫಾರಂ ಎತ್ತಿ ಹಿಡಿದರು. ಮೂರು ಥರದ ನನ್ನ ಮೂರು ಸೈನ್. "ಈ ಪ್ರತಿನಿಧಿ ನೀನೇ ತಾನೇ?"

ಎದ್ದು ನಿಂತೆ. ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ.

"ಸೈನ್ ನನ್ನದು ಸರ್. ಪ್ರತಿನಿಧಿ ನಾನಲ್ಲ. ನನ್ನನ್ನ ಯಾರೂ ಕಳಿಸಿರಲಿಲ್ಲ. ನಾನು ಯಾರನ್ನೂ ಕೇಳಿರಲಿಲ್ಲ."

"ಅಂದ್ರೆ ಸುಳ್ಳು ಹೇಳಿಕೆಗೆ ಸಹಿ ಹಾಕಿದ ಹಾಗಾಯ್ತು. ಅದು ನಿನ್ನ ಫೈಲಿಗೆ ಹೋಗುತ್ತೆ. ಮೊದಲ ವರ್ಷ ಬೇರೆ. ಯೋಚನೆ ಮಾಡಿ ಹೇಳು."

"ಹೋಗ್ಲಿ ಸರ್" ಎಂದೆ.

"ಸರಿ. ಹಾಗಾದ್ರೆ ಒಂದೇ ಪ್ರಶ್ನೆ. ನೀನು ಸೇರಿಸಿದ ಹನ್ನೆರಡನೇ ಒರತೆ, ಅದು ಇದೆಯಾ ಇಲ್ವಾ? ಇದ್ರೆ ನಕ್ಷೆಯಲ್ಲಿ ಇರ್ಬೇಕಾಗುತ್ತೆ. ಇಲ್ಲದಿದ್ರೆ ತೆಗೀತೀವಿ. ಸುಲಭ."

ಇಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ದೊಡ್ಡಮ್ಮ ನನ್ನ ಮುಖ ನೋಡಲಿಲ್ಲ, ಮೇಜು ನೋಡುತ್ತಿದ್ದಳು.

"ಅದನ್ನ ನಾನು ಹೇಳಲ್ಲ ಸರ್. ಇದೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ಹೇಳೋದು ನನ್ನದಲ್ಲ. ಕೂಟದವರು ಇಲ್ಲೇ ಕೂತಿದ್ದಾರೆ. ಅವರನ್ನೇ ಕೇಳಿ."

ಆಗ ಮೇಡಂ ತಾತನ ಕಡೆ ತಿರುಗಿ, ನನಗೆ ಬಾರದಷ್ಟು ಚೆನ್ನಾಗಿ ನಮ್ಮ ಮಾತಿನಲ್ಲಿ, "ಮೂವತ್ತು ವರ್ಷ ನನಗೆ ಸುಳ್ಳು ಹೇಳಿದ್ರಾ ಅಣ್ಣ?" ಎಂದರು.

"ಹನ್ನೊಂದು ತೋರ್ಸಿದ್ವಲ್ಲ ತಂಗಿ" ಎಂದ ತಾತ. "ಹನ್ನೊಂದರಲ್ಲೂ ನೀರಿತ್ತಲ್ಲ."

ಮೇಡಂ ಆ ಕಾಗದದ ಏಳು ರುಜುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಕೊನೆಗೆ ಡೀನ್‌ಗೆ, "ಆ ಫಾರಂ ಅವಳ ಮುಂದೆ ಇಟ್ಟಿದ್ದು ನಾನು. ಅವಳ ಫೈಲಿಗಲ್ಲ, ನನ್ನ ಫೈಲಿಗೆ ಹಾಕಿ. ಶುಕ್ರವಾರ ತೆರೆಯೋದು ಬೇಡ. ಇವರ ಪಟ್ಟಿ ಪ್ರಕಾರ ಮಾಡೋಣ" ಎಂದರು.

ನಕ್ಷೆ ಮುಚ್ಚುತ್ತಾರೆ. ಮನೆಯ ಹಾಳೆಗಳು ಕೂಟಕ್ಕೆ ವಾಪಸ್ ಹೋಗುತ್ತವೆ. ಹಾಡುಗಳು ತೆರೆದಿರುತ್ತವೆ, ತಾತನದು ಬಿಟ್ಟು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೊರಗೆ ಮೆಟ್ಟಿಲ ಹತ್ತಿರ ಮೇಡಂ ನನ್ನನ್ನು ನಿಲ್ಲಿಸಿದರು. ಹದಿನಾರನೇ ತಾರೀಖು, ತೆರೆಯುವ ಮೊದಲು ನೋಡಿ ಎಂದು, ನಕ್ಷೆಯ ಪ್ರತಿಯನ್ನು ಆರು ಜನರಿಗೆ ಕಳಿಸಿದ್ದಾರಂತೆ. ಹನ್ನೆರಡನೆಯ ಚುಕ್ಕಿಯೂ ಅದರಲ್ಲಿದೆ. "ವಾಪಸ್ ಕೇಳ್ತೀನಿ" ಎಂದರು. ಕಳಿಸಿದ್ದು ವಾಪಸ್ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಬಸ್ಸಿಗೆ ಕಾಯುವಾಗ ದೊಡ್ಡಮ್ಮನಿಗೆ ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ.

ಸೆಪ್ಟೆಂಬರ್ 26, ಶುಕ್ರವಾರ

ದೊಡ್ಡಮ್ಮನ ಫೋನು. ನಿನ್ನೆ ಒಬ್ಬ ಬಂದಿದ್ದಾನಂತೆ, ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು. ಬೆಟ್ಟದ ಒರತೆಗಳ ಫೋಟೋ ತೆಗೆಯುತ್ತಾನಂತೆ. ಆರೋಗ್ಯ ಕೇಂದ್ರದ ಜಗಲಿಯಲ್ಲಿ ಕೂತು, ಹೆರಿಗೆಗೆ ಯಾವ ಎಲೆ ಕೊಡ್ತೀರಿ ಎಂದು ಕೇಳಿದನಂತೆ.

"ಭಾನುವಾರ ಬಾ" ಎಂದಳು. "ಆಳು ಸಾಲದು."

ಸೆಪ್ಟೆಂಬರ್ 28, ಭಾನುವಾರ

ಬೆಳಗಿನ ಬಸ್ಸಿಗೆ ಹೋಗಿ, ಕೊನೆಯ ಬಸ್ಸಿಗೆ ವಾಪಸ್ ಹೊರಟಿದ್ದೇನೆ. ಇದನ್ನು ಬಸ್ಸಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ.

ನಾಲ್ಕು ಜನ ಬುಟ್ಟಿ, ಒದ್ದೆ ಗೋಣಿ, ಅಗೆಯುವ ಸಲಾಕೆ ಹಿಡಿದು ಹೊರಟರು. ಗಿಡಗಳನ್ನು ಬೇರು ಸಮೇತ ಎತ್ತಿ ಬೇರೆ ಕಡೆ ನೆಡುವುದೆಂದು ಕೂಟ ತೀರ್ಮಾನ ಮಾಡಿದೆ. ಹಿಡಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ದಾರಿ ಕವಲೊಡೆಯುವ ಕಡೆ ದೊಡ್ಡಮ್ಮ ನಿಂತು, "ನೀನು ಇಲ್ಲೇ ಕೂತಿರು" ಎಂದಳು. ಕೂತೆ. ಯಾವ ಕವಲಿಗೆ ಹೋದರೆಂದು ತಿರುಗಿ ನೋಡಲಿಲ್ಲ.

ಒಂದು ಗಂಟೆಯೂ ಆಗಿರಲಿಲ್ಲ. ಚೀಲದವನು ಹತ್ತಿ ಬಂದ. ನನ್ನ ಅಣ್ಣನ ವಯಸ್ಸಿರಬಹುದು. ಕೈಯಲ್ಲಿ ಫೋನು, ಫೋನಿನಲ್ಲಿ ನಕ್ಷೆ. ಬಾಟಲಿಯಲ್ಲಿದ್ದ ನೀರನ್ನು ನನಗೂ ಕೊಡಲು ಬಂದ. ನಯವಾದ ಮನುಷ್ಯ.

"ನೀವು ಇಲ್ಲಿಯವರೇನಾ?"

"ಹೌದು."

"ಒರತೆ ನೋಡ್ಬೇಕಿತ್ತು. ದಾರಿ ಗೊತ್ತಾ ನಿಮಗೆ?"

"ಗೊತ್ತಿಲ್ದೆ ಏನು" ಎಂದು ಎದ್ದೆ. "ಬನ್ನಿ, ಬುಡದಿಂದ ಶುರು ಮಾಡೋಣ. ಒಂದೊಂದಕ್ಕೂ ಒಂದು ಕಥೆ ಇದೆ, ನಿಧಾನಕ್ಕೆ ಹೇಳ್ತೀನಿ."

ಹತ್ತಿ ಬಂದವನನ್ನು ಮತ್ತೆ ಇಳಿಸಿದೆ. ಪಾಪ, ಬರೆದುಕೊಳ್ಳುತ್ತಲೇ ಇದ್ದ. ಹೆಸರುಗಳೆಲ್ಲ ನನ್ನ ಬಾಯಿಗೆ ತಡೆಯಿಲ್ಲದೆ ಬಂದವು. ಹನ್ನೊಂದು ಮುಗಿಯುವಷ್ಟರಲ್ಲಿ ಅವನ ಬಸ್ಸಿನ ಹೊತ್ತಾಗಿತ್ತು.

ಮೂರು ಗಂಟೆಯ ಬಸ್ಸಿಗೆ ಅವನನ್ನು ಹತ್ತಿಸಿ ಬಂದಾಗ ದೊಡ್ಡಮ್ಮ ಅಂಗಳದ ತೊಟ್ಟಿಯಲ್ಲಿ ಉಗುರಿನ ಮಣ್ಣು ತೊಳೆಯುತ್ತಿದ್ದಳು. ಎಲ್ಲಿ ನೆಟ್ಟಿರಿ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

"ಏನಾದ್ರೂ ಕೇಳಿದ್ನಾ?"

"ಕೇಳ್ತಾನೇ ಇದ್ದ."

"ನೀನು?"

"ಹೇಳ್ತಾನೇ ಇದ್ದೆ."